ಕತ್ತಕ್ಕೆ ಅಕ್ಕಿ: ಮಂಗಳೂರು ಕಳೆದುಕೊಂಡ ಐದು ದ್ವೀಪಗಳು

ದಕ್ಷಿಣ ಕನ್ನಡ ಜಿಲ್ಲೆಗೆ ಒಂದು ಕಾಲದಲ್ಲಿ ಅರಬ್ಬೀ ಸಮುದ್ರದ ನಡುವೆ ಐದು ದ್ವೀಪಗಳಿದ್ದವು ಎಂದರೆ ನಮ್ಮ ಕೊಟ್ಟೂರು, ಕೂಡ್ಲಿಗಿ ಸೀಮೆಯ ಓದುಗರಿಗೆ ಸೋಜಿಗವೆನಿಸಬಹುದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಈ ಐದಕ್ಕೂ ಸೇರಿ ಅಮೀನ್‌ದೀವಿ ಎಂದು ಹೆಸರು. ಇವು ಮಂಗಳೂರಿನಿಂದ ಸುಮಾರು 250ರಿಂದ 300 ಕಿ.ಮೀ. ದೂರದಲ್ಲಿವೆ. 1956ರ ಅಕ್ಟೋಬರ್ ಕೊನೆಯವರೆಗೆ ಈ ದ್ವೀಪಗಳ ಕಲೆಕ್ಟರು ಕುಳಿತಿದ್ದುದು ಮಂಗಳೂರಿನಲ್ಲಿ. ಬಳ್ಳಾರಿ ಜಿಲ್ಲೆಗೆ ಸೇರಿದ್ದ ಕೊಟ್ಟೂರು ಕೂಡ 1953ರ ವರೆಗೆ ಮದ್ರಾಸಿನ ಆಡಳಿತದಲ್ಲೇ ಇದ್ದುದರಿಂದ, ನಮಗೂ ಅಮಿನಿಯವರಿಗೂ ರಾಜಧಾನಿ ಒಂದೇ ಆಗಿತ್ತು!

ಇವು ಹವಳದ ದ್ವೀಪಗಳು. ಸಮುದ್ರದೊಳಗಿನ ಬೆಟ್ಟ ನಿಧಾನವಾಗಿ ಕುಸಿಯುತ್ತ ಹೋದಂತೆ ಅದರ ಸುತ್ತ ಹವಳದ ಹುಳುಗಳು ಗೋಡೆ ಕಟ್ಟುತ್ತ ಮೇಲೇರುತ್ತವೆ ಎಂದು ಚಾರ್ಲ್ಸ್ ಡಾರ್ವಿನ್ 1842ರಲ್ಲಿ ವಿವರಿಸಿದ್ದ. ನೆಲ ಸಮುದ್ರಮಟ್ಟದಿಂದ ಕೆಲವೇ ಅಡಿ ಎತ್ತರ. ಅಮಿನಿಯ ವಿಸ್ತೀರ್ಣ ಸುಮಾರು 2.6 ಚದರ ಕಿ.ಮೀ. ಆದರೆ ಬಿತ್ರಾದ್ದು ಬರೀ 0.1. ನೂರಾರು ಅಡಿ ಬೋರು ಕೊರೆಸಿಯೂ ನೀರು ಕಾಣದ ನಮ್ಮವರಿಗೆ ಅಲ್ಲಿನ ಬಾವಿಗಳು ವಿಚಿತ್ರವೆನಿಸುತ್ತವೆ. ಮರಳಿಗಿಳಿದ ಮಳೆನೀರು ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತಿರುತ್ತದೆ. ಸ್ವಲ್ಪವೇ ಅಗೆದರೆ ಸಿಹಿನೀರು. ಆಸೆಪಟ್ಟು ಹೆಚ್ಚು ಸೇದಿದರೆ ಮಾತ್ರ ಉಪ್ಪು ಮೇಲೆ ಬರುತ್ತದೆ.

ಇಂಥ ನೆಲದಲ್ಲಿ ತೆಂಗು ಬೆಳೆಯುತ್ತದೆ, ಭತ್ತ ಬೆಳೆಯುವುದಿಲ್ಲ. ದ್ವೀಪದ ಇತಿಹಾಸವೆಲ್ಲ ಈ ಒಂದು ಸಂಗತಿಯ ಸುತ್ತಲೇ ತಿರುಗಿದೆ.

ದ್ವೀಪಗಳು ಮೊದಲು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. 18ನೇ ಶತಮಾನದಲ್ಲಿ ಆ ಮನೆತನ ಕತ್ತದ ವ್ಯಾಪಾರವನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡಿತು. ತೆಂಗಿನ ನಾರಿನ ಹುರಿಯನ್ನು ಬೇರೆ ಯಾರಿಗೂ ಮಾರುವಂತಿರಲಿಲ್ಲ. ಬೇಸತ್ತ ಅಮಿನಿಯವರು 1780ರ ದಶಕದಲ್ಲಿ ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಅಮೀನ್‌ದೀವಿ ಮೈಸೂರಿನ ಆಳ್ವಿಕೆಗೆ ಬಂದದ್ದು ಹೀಗೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರಕಾರ ಈ ದ್ವೀಪಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ದಕ್ಷಿಣದ ಉಳಿದ ದ್ವೀಪಗಳು ಅರಕ್ಕಲ್ ಬಳಿಯೇ ಉಳಿದು, ಬಹಳ ಕಾಲದ ನಂತರ ಮಲಬಾರಿನ ಪಾಲಾದವು.

ದೊರೆ ಬದಲಾದರೂ ಏಕಸ್ವಾಮ್ಯ ಹೋಗಲಿಲ್ಲ. ಮಳೆಗಾಲ ಮುಗಿದು ಕಡಲು ಶಾಂತವಾದಾಗ ದ್ವೀಪದ ಹಾಯಿದೋಣಿಗಳು ಕತ್ತ ಹೇರಿಕೊಂಡು ಮಂಗಳೂರಿಗೆ ಬರುತ್ತಿದ್ದವು. ಆ ಕತ್ತದ ಹಿಂದೆ ಹೆಂಗಸರ ದುಡಿಮೆಯಿತ್ತು. ಸಿಪ್ಪೆಯನ್ನು ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ನೆನೆಹಾಕಿ, ಬಡಿದು, ನಾರು ಬಿಡಿಸಿ ಹೊಸೆಯುವವರು ಅವರೇ. ಸರಕಾರ ಆ ಹುರಿಯನ್ನು ತಾನೇ ಗೊತ್ತುಮಾಡಿದ ದರದಲ್ಲಿ ಕೊಂಡು, ಬದಲಿಗೆ ಅಕ್ಕಿ ಕೊಡುತ್ತಿತ್ತು. ಪೇಟೆಯಲ್ಲಿ ಕತ್ತದ ಬೆಲೆ ಏರಿದರೆ ಲಾಭ ಸರಕಾರದ ಖಜಾನೆಗೆ. ಮಾರಲು ಬೇರೆ ದಾರಿಯಿಲ್ಲ, ಉಣ್ಣಲು ಬೇರೆ ಅಕ್ಕಿಯಿಲ್ಲ. ತೂಕದ ಕಟ್ಟೆಯಲ್ಲಿ ನಿಂತ ರೈತನ ಪಾಡು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂಗಾರಿನ ನಾಲ್ಕು ತಿಂಗಳು ದೋಣಿ ಹೊರಡುವಂತಿರಲಿಲ್ಲ. ತಂದ ಅಕ್ಕಿಯಲ್ಲೇ ದಿನ ನೂಕಬೇಕಿತ್ತು.

ಅಮಿನಿಯಲ್ಲಿ ಮಣೇಗಾರನೆಂಬ ಅಧಿಕಾರಿಯಿದ್ದ. ಸಣ್ಣಪುಟ್ಟ ತಂಟೆ ತಕರಾರುಗಳ ತೀರ್ಮಾನ ಅವನದು. ತೆಂಗಿನ ಮರದಲ್ಲೇ ಮನೆಮಾಡಿ ಎಳೆಕಾಯಿ ಕಡಿದುಹಾಕುವ ಇಲಿಗಳನ್ನು ಹಿಡಿಯಲು ಗಂಡಸರೆಲ್ಲ ಒಟ್ಟುಗೂಡಿ ಬೇಟೆಯಾಡುವ ಪದ್ಧತಿಯೂ ಈ ದ್ವೀಪಗಳಲ್ಲಿತ್ತು. ತೆಂಗು ಹೋದರೆ ಅಕ್ಕಿಯೂ ಹೋದಂತೆಯೇ ತಾನೆ?

ಕತ್ತಕ್ಕೆ ಅಷ್ಟು ಬೆಲೆ ಬಂದದ್ದು ಹಡಗುಗಳಿಂದ. ನಮ್ಮ ಹೊನ್ನಾವರದಲ್ಲೂ ತಂಗಿದ್ದ ಮೊರೊಕ್ಕೊ ದೇಶದ ಯಾತ್ರಿಕ ಇಬ್ನ್ ಬತೂತ, 1343ರಲ್ಲಿ ಇನ್ನೂ ದಕ್ಷಿಣದ ಮಾಲ್ಡೀವ್ಸ್ ದ್ವೀಪಗಳಿಗೆ ಹೋಗಿ ಅಲ್ಲಿ ಖಾಜಿಯಾಗಿದ್ದ. ಅಲ್ಲಿನ ಕತ್ತದ ಹುರಿಯಿಂದ ಹಡಗಿನ ಹಲಗೆಗಳನ್ನು ಹೊಲಿಯುತ್ತಿದ್ದರೆಂದೂ, ಅದು ಭಾರತ, ಚೀನಾ, ಯೆಮೆನ್‌ಗಳಿಗೆ ಹೋಗುತ್ತಿತ್ತೆಂದೂ ಬರೆದಿದ್ದಾನೆ. ಅದೇ ಹವಳದ ಸಾಲಿನ ಆ ದ್ವೀಪಸ್ತೋಮ 1965ರ ಜುಲೈ 26ರಂದು ಬ್ರಿಟಿಷರಿಂದ ಬಿಡುಗಡೆ ಪಡೆದು ಸ್ವತಂತ್ರ ರಾಷ್ಟ್ರವಾಯಿತು.

ಅಮೀನ್‌ದೀವಿಯ ಹಾದಿ ಬೇರೆಯಾಯಿತು. ಅಲ್ಲಿನವರ ಮಾತು ಮಲಯಾಳದ ಒಂದು ಬಗೆಯಾದ ಜೆಸರಿ. ಭಾಷಾವಾರು ಪ್ರಾಂತಗಳಾದ 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂದಿತು, ಕಾಸರಗೋಡು ಕೇರಳಕ್ಕೆ ಹೋಯಿತು. ಕಾಸರಗೋಡಿಗಾಗಿ ಕನ್ನಡಿಗರು ದೊಡ್ಡ ಚಳವಳಿಯನ್ನೇ ನಡೆಸಿದರು. ಅದೇ ದಿನ ಅಮೀನ್‌ದೀವಿ ಉಳಿದ ದ್ವೀಪಗಳೊಡನೆ ಕೇಂದ್ರಾಡಳಿತಕ್ಕೆ ಸೇರಿದ್ದು ಇಂದು ಎಷ್ಟು ಜನರಿಗೆ ನೆನಪಿದೆ? ಈ ಪ್ರದೇಶಕ್ಕೆ ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರಲ್ಲಿ. 2011ರ ಜನಗಣತಿಯಂತೆ ಇಡೀ ಲಕ್ಷದ್ವೀಪದ ಜನಸಂಖ್ಯೆ 64,473. ನಮ್ಮ ಕೊಟ್ಟೂರೇಶ್ವರನ ತೇರಿಗೆ ಇದಕ್ಕಿಂತ ಹೆಚ್ಚು ಜನ ಸೇರುತ್ತಾರೆ.

ನೋಡಿಬರಲು ಆಸೆಯುಳ್ಳವರು ಕೊಚ್ಚಿಯ ದಾರಿ ಹಿಡಿಯುವುದು ವಾಡಿಕೆ. ಅಲ್ಲಿಂದ ಹಡಗಿದೆ, ಅಗತ್ತಿ ದ್ವೀಪಕ್ಕೆ ವಿಮಾನವೂ ಉಂಟು. ಹಳೆಯ ಮಂಗಳೂರು ಜಿಲ್ಲೆಯ ದ್ವೀಪ ಕಾಣಬೇಕೆಂದರೆ ಕಡಮತ್ ಒಳ್ಳೆಯದು. ಪ್ರವಾಸಿಗರಿಗೆ ವಸತಿಯಿದೆ, ಹವಳದ ಗೋಡೆಯ ಒಳಗಿನ ಕಡಲು ಕೆರೆಯಷ್ಟು ಶಾಂತ. ಅಕ್ಟೋಬರಿನಿಂದ ಮೇ ನಡುವಿನವರೆಗೆ ಸೂಕ್ತ ಕಾಲ. ಆದರೆ ಮೊದಲೇ ಅನುಮತಿ ಪತ್ರ ಪಡೆದಿರಬೇಕು. ಪರದೇಶವಾದ ಮಾಲ್ಡೀವ್ಸ್‌ನಲ್ಲಿ ಪಾಸ್‌ಪೋರ್ಟ್ ತೋರಿಸಿದರೆ ಇಳಿದಲ್ಲೇ ವೀಸಾ ಸಿಗುತ್ತದೆ, ನಮ್ಮದೇ ದ್ವೀಪಕ್ಕೆ ಅರ್ಜಿ ಹಾಕಿ ಕಾಯಬೇಕು! ಸ್ಥಳೀಯರ ನೆಲ, ಬದುಕುಗಳ ರಕ್ಷಣೆಗೆಂದು ಮಾಡಿದ ನಿಯಮವಿದು.

ಮಂಗಳೂರಿನ ನಂಟು ಪೂರ್ತಿ ಕಡಿದಿಲ್ಲ. ಹಳೆ ಬಂದರಿನ ದಕ್ಕೆಯಿಂದ ಮಂಜಿಗಳು ಈಗಲೂ ದ್ವೀಪಗಳಿಗೆ ಸಿಮೆಂಟು, ಜಲ್ಲಿ, ತರಕಾರಿ ಹೇರಿಕೊಂಡು ಹೊರಡುತ್ತವೆ.