ಕರುಣೆಗೆ ಕೈಕಾಲು ಕೊಟ್ಟವರು: ಬೆಂಗಳೂರಿನ ‘ಕ್ಯೂಪಾ’ ನಡೆದು ಬಂದ ದಾರಿ

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ವೀರಗಲ್ಲು ಇದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಿಂದ ತಂದದ್ದು. ಕಾಲ ಕ್ರಿ.ಶ. 949–50. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ವೀರ, ಒಡೆಯನ ಮೆಚ್ಚುಗೆಯ ಕೊಡುಗೆಯಾಗಿ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಆ ನಾಯಿ ದೊಡ್ಡದೊಂದು ಕಾಡುಹಂದಿಯೊಡನೆ ಹೋರಾಡಿತು. ಹೋರಾಟದಲ್ಲಿ ಎರಡೂ ಸತ್ತವು. ಕಾಳಿಯ ನೆನಪಿಗೆ ಮಣಲೇರ ಕಲ್ಲು ನಿಲ್ಲಿಸಿದ, ಅದರ ಪೂಜೆಗೆಂದು ಭೂಮಿ ಬಿಟ್ಟ.

ಮೂಕಪ್ರಾಣಿಯ ಮೇಲಿನ ಅಕ್ಕರೆ ಈ ನಾಡಿಗೆ ಹೊರಗಿನಿಂದ ಬಂದದ್ದಲ್ಲ ಎನ್ನಲು ಈ ಕಲ್ಲೊಂದು ಸಾಕು. ಆದರೆ ಕಾಳಿಗೆ ಒಬ್ಬ ಒಡೆಯನಿದ್ದ. ಕೋಟಿ ದಾಟಿದ ಜನಸಂಖ್ಯೆಯ ಇಂದಿನ ಬೆಂಗಳೂರಿನಲ್ಲಿ, ಒಡೆಯನೇ ಇಲ್ಲದ ನಾಯಿಯೊಂದು ವರ್ತುಲ ರಸ್ತೆಯಲ್ಲಿ ಕಾರಿಗೆ ಸಿಕ್ಕಿ ಸೊಂಟ ಮುರಿದುಕೊಂಡು ಬಿದ್ದರೆ ಎತ್ತುವವರು ಯಾರು? ಅಯ್ಯೋ ಪಾಪ ಎನ್ನುವವರು ನೂರು ಮಂದಿ ಸಿಗುತ್ತಾರೆ. ವಾಹನ ತಂದು, ಎತ್ತಿ ಮಲಗಿಸಿ, ವೈದ್ಯರ ಮೇಜಿನ ತನಕ ಮುಟ್ಟಿಸುವವರು ಬೇಕಲ್ಲ? ಆ ಕೆಲಸಕ್ಕೆಂದು 1991ರಲ್ಲಿ ಹುಟ್ಟಿದ ಸಂಸ್ಥೆಗಳಲ್ಲೊಂದು ‘ಕಂಪ್ಯಾಷನ್ ಅನ್‌ಲಿಮಿಟೆಡ್ ಪ್ಲಸ್ ಆ್ಯಕ್ಷನ್’. ಬೆಂಗಳೂರಿಗರ ಬಾಯಲ್ಲಿ ಅದು ‘ಕ್ಯೂಪಾ’.

ದಾರಿಯಲ್ಲೇ ನಿಂತ ಪಯಣ

ಕ್ಯೂಪಾವನ್ನು ಕಟ್ಟಿದವರು ಇಂಗ್ಲೆಂಡಿನ ಕ್ರಿಸ್ಟಲ್ ರೋಜರ್ಸ್. ಹುಟ್ಟಿದ್ದು 1906ರಲ್ಲಿ. ನ್ಯೂಜಿಲೆಂಡಿಗೆಂದು ಹೊರಟಿದ್ದ ಅವರು 1959ರಲ್ಲಿ ಭಾರತಕ್ಕೆ ಬಂದರು. ದೆಹಲಿಯಲ್ಲಿ ಬಯಲಲ್ಲಿ ಬಿದ್ದು ಸಾಯುತ್ತಿದ್ದ ಕುದುರೆಯೊಂದರ ಕಣ್ಣುಗಳನ್ನು ಕಾಗೆಗಳು ಕುಕ್ಕುತ್ತಿದ್ದುದನ್ನು ಕಂಡರು. ಆ ನೋಟ ಅವರನ್ನು ಮುಂದಕ್ಕೆ ಹೋಗಗೊಡಲಿಲ್ಲ. ಪಯಣ ಅಲ್ಲಿಗೇ ನಿಂತಿತು, ಬದುಕೇ ಇಲ್ಲಿನದಾಯಿತು.

ದೆಹಲಿಯಲ್ಲಿ ಅವರು ‘ದಿ ಅನಿಮಲ್ಸ್ ಫ್ರೆಂಡ್’ ಕಟ್ಟಿದರು. ಅಲ್ಲಿಂದ ಜೈಪುರಕ್ಕೆ ಹೋಗಿ 1980ರಲ್ಲಿ ‘ಹೆಲ್ಪ್ ಇನ್ ಸಫರಿಂಗ್’ ಆರಂಭಿಸಿದರು. ಒಂದು ಸಂಸ್ಥೆ ತನ್ನ ಕಾಲ ಮೇಲೆ ನಿಂತಿತು ಎನ್ನುವಾಗ ಅದನ್ನು ಬೇರೆಯವರ ಕೈಗೊಪ್ಪಿಸಿ ಮುಂದಿನ ಊರಿಗೆ ನಡೆದುಬಿಡುವುದು ಅವರ ರೀತಿ. ಹಾಗೆ ಬೆಂಗಳೂರಿಗೆ ಬಂದು ಕ್ಯೂಪಾಕ್ಕೆ ಅಡಿಗಲ್ಲು ಹಾಕಿದಾಗ ವಯಸ್ಸು ಎಂಬತ್ತೈದರ ಆಸುಪಾಸು. ನಮ್ಮಲ್ಲಿ ಹೆಚ್ಚಿನವರು ಮೂಲೆಯ ಕುರ್ಚಿ ಹಿಡಿಯುವ ಪ್ರಾಯದಲ್ಲಿ ಅವರು ಬೆಂಗಳೂರಿನ ನಾಲ್ಕಾರು ಉತ್ಸಾಹಿಗಳನ್ನು ಕೂಡಿಸಿಕೊಂಡು ಹೊಸದಾಗಿ ಶುರು ಮಾಡಿದರು. 1996ರಲ್ಲಿ ತೀರಿಕೊಂಡರು. ಅವರ ಆತ್ಮಕಥೆ ‘ಮ್ಯಾಡ್ ಡಾಗ್ಸ್ ಅಂಡ್ ಆ್ಯನ್ ಇಂಗ್ಲಿಷ್‌ವುಮನ್’ ಬೆಳಕು ಕಂಡದ್ದು ಅವರು ಹೋದ ಮೇಲೆ.

ಸಂಸ್ಥೆಗಳ ಚರಿತ್ರೆಯಲ್ಲಿ ಸ್ಥಾಪಕರು ಹೋದ ನಂತರದ ಹತ್ತು ವರ್ಷವೇ ನಿಜವಾದ ಪರೀಕ್ಷೆ. ಕ್ಯೂಪಾ ಆ ಪರೀಕ್ಷೆಯಲ್ಲಿ ಗೆದ್ದಿತು. ಸಹ ಸ್ಥಾಪಕಿ ಸುಪರ್ಣಾ ಬಕ್ಷಿ ಗಂಗೂಲಿ ಮತ್ತು ಅವರ ಸಂಗಡಿಗರು ನೊಗಕ್ಕೆ ಹೆಗಲು ಕೊಟ್ಟರು. ಸುಪರ್ಣಾ ಅವರ ದುಡಿಮೆಗೆ ಕೇಂದ್ರ ಸರ್ಕಾರದ 2015ನೇ ಸಾಲಿನ ನಾರಿ ಶಕ್ತಿ ಪುರಸ್ಕಾರ ಸಂದಿದೆ.

ಹೆಬ್ಬಾಳದ ಆವರಣ

1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆವರಣದಲ್ಲೇ ಕ್ಯೂಪಾಕ್ಕೊಂದು ನೆಲೆ ಸಿಕ್ಕಿದ್ದು ದೊಡ್ಡ ಅನುಕೂಲ. ಗಾಯಗೊಂಡ ಪ್ರಾಣಿಗೆ ಆಶ್ರಯ, ವೈದ್ಯರು ಮತ್ತು ಕಲಿಯುವ ಮಕ್ಕಳು ಒಂದೇ ಅಂಗಳದಲ್ಲಿ ಇದ್ದರೆ ಮೂವರಿಗೂ ಲಾಭ.

ಇಂಥ ಆಶ್ರಯಧಾಮಕ್ಕೆ ಬರುವ ನಾಯಿಗಳ ಪಾಡನ್ನು ಹತ್ತಿರದಿಂದ ನೋಡಬೇಕು. ಹೆಚ್ಚಿನವು ಅಪಘಾತದವು. ಹಿಂಗಾಲು ಎಳೆದುಕೊಂಡು ಬರುವ ನಾಯಿಗೆ ಬೆನ್ನುಹುರಿಗೆ ಪೆಟ್ಟಾಗಿದೆಯೋ, ಬರೀ ಮೂಳೆ ಮುರಿದಿದೆಯೋ ಎಂಬುದರ ಮೇಲೆ ಅದರ ಮುಂದಿನ ಬದುಕು ನಿಂತಿರುತ್ತದೆ. ಇನ್ನು ಹುಳ ಬಿದ್ದ ಗಾಯಗಳು. ಕಿವಿಯ ಹಿಂದೆಯೋ ಬಾಲದ ಬುಡದಲ್ಲೋ ಆದ ಸಣ್ಣ ಗೀರಿನ ಮೇಲೆ ನೊಣ ಮೊಟ್ಟೆಯಿಟ್ಟರೆ ಮೂರು ನಾಲ್ಕು ದಿನದಲ್ಲಿ ಹುಳಗಳು ಮಾಂಸವನ್ನು ಕೊರೆದು ಬೊಗಸೆಯಷ್ಟು ಗುಳಿ ಮಾಡಿಬಿಡುತ್ತವೆ. ವಾಸನೆಗೆ ಜನ ಕಲ್ಲು ಹೊಡೆದು ಓಡಿಸುತ್ತಾರೆ. ಅಂಥ ನಾಯಿಯ ಬಾಯಿಗೆ ಬಟ್ಟೆಯ ಪಟ್ಟಿ ಕಟ್ಟಿ, ಒಬ್ಬರು ತಲೆ ಹಿಡಿದು, ಇನ್ನೊಬ್ಬರು ಔಷಧಿ ಸುರಿದು ಇಕ್ಕಳದಲ್ಲಿ ಒಂದೊಂದೇ ಹುಳ ಹೆಕ್ಕುತ್ತಾರೆ. ಗುಳಿ ತುಂಬಿ ಹೊಸ ಚರ್ಮ ಬರುವವರೆಗೆ ದಿನವೂ ಗಾಯ ತೊಳೆಯಬೇಕು. ಈ ಕೆಲಸ ಯಾವ ವಿಡಿಯೊಗೂ ಚೆಂದ ಕಾಣದು. ಕೂಲಿಯಾಗಿ ಸಿಗುವುದು ವಾರದ ಕೊನೆಗೆ ಆ ನಾಯಿ ಒಮ್ಮೆ ಬಾಲ ಅಲ್ಲಾಡಿಸಿದ್ದು ಮಾತ್ರ.

ಕೊಂದು ಕರಗದ ಸಂಖ್ಯೆ

ಆದರೆ ಎತ್ತಿ ತಂದು ಉಪಚರಿಸುವುದಷ್ಟೇ ಕೆಲಸವಾದರೆ ಅದಕ್ಕೆ ಕೊನೆಯೇ ಇಲ್ಲ ಎಂಬುದು ಈ ರಂಗದಲ್ಲಿ ದುಡಿದವರಿಗೆಲ್ಲ ಬೇಗ ತಿಳಿಯುತ್ತದೆ. ಪ್ರಾಣಿ ಬೀದಿಗೆ ಬೀಳದಂತೆ, ಗಾಯವೇ ಆಗದಂತೆ ನೋಡಿಕೊಳ್ಳುವುದು ಇನ್ನೂ ದೊಡ್ಡ ಸೇವೆ. ಕ್ಯೂಪಾದಂಥ ಸಂಸ್ಥೆಗಳು ಈ ನಗರಕ್ಕೆ ಕಲಿಸಿದ ಮುಖ್ಯ ಪಾಠ ಇದೇ ಎಂದು ನಾನು ನಂಬಿದ್ದೇನೆ.

ಹಿಂದೆ ಭಾರತದ ನಗರಸಭೆಗಳು ಬೀದಿನಾಯಿಗಳನ್ನು ಹಿಡಿದು ಕೊಲ್ಲುತ್ತಿದ್ದವು. ದಶಕಗಳ ಕಾಲ ಕೊಂದರೂ ಸಂಖ್ಯೆ ಇಳಿಯಲಿಲ್ಲ. ಕಾರಣ ಸರಳ. ತಿನ್ನಲು ಕಸವಿರುವ ಬೀದಿಯಲ್ಲಿ ನಾಯಿಗಳನ್ನು ತೆಗೆದರೆ ಪಕ್ಕದ ಬೀದಿಯ ನಾಯಿಗಳು ಆ ಜಾಗಕ್ಕೆ ಬರುತ್ತವೆ, ಉಳಿದವು ಮರಿ ಹಾಕುತ್ತವೆ. ಚೆನ್ನೈನಲ್ಲಿ ‘ಬ್ಲೂ ಕ್ರಾಸ್ ಆಫ್ ಇಂಡಿಯಾ’ 1964ರಷ್ಟು ಹಿಂದೆಯೇ ಇನ್ನೊಂದು ದಾರಿ ಹಿಡಿಯಿತು. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡುವುದು ಆ ದಾರಿ. 2001ರಲ್ಲಿ ಕೇಂದ್ರ ಸರ್ಕಾರ ಇದನ್ನೇ ನಿಯಮ ಮಾಡಿತು, 2023ರಲ್ಲಿ ಹೊಸ ನಿಯಮಗಳು ಬಂದವು. ಬೆಂಗಳೂರಿನಲ್ಲಿ ಪಾಲಿಕೆ ಈ ಕಾರ್ಯಕ್ರಮಕ್ಕೆ ಕೈಹಾಕಿದಾಗ ಜೊತೆಗೆ ನಿಂತ ಸ್ವಯಂಸೇವಾ ಸಂಸ್ಥೆಗಳಲ್ಲಿ ಕ್ಯೂಪಾವೂ ಒಂದು.

ಒಂದು ಬೀದಿನಾಯಿಯ ಮಟ್ಟಿಗೆ ಇದು ನಡೆಯುವ ಬಗೆ ಹೀಗೆ. ಬೆಳ್ಳಂಬೆಳಗ್ಗೆ ಬಲೆಯಲ್ಲಿ ಹಿಡಿದು ವ್ಯಾನಿಗೆ ಹತ್ತಿಸುತ್ತಾರೆ. ಎಲ್ಲಿ ಹಿಡಿದದ್ದು ಎಂದು ಬರೆದು ಗುರುತಿನ ಸಂಖ್ಯೆ ಕೊಡುತ್ತಾರೆ. ಅರಿವಳಿಕೆ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಮತ್ತೆ ಅದೇ ನಾಯಿಯನ್ನು ಹಿಡಿಯದಿರಲೆಂದು ಕಿವಿಯ ಅಂಚಿನಲ್ಲಿ ಸಣ್ಣ ಕಚ್ಚು ಹಾಕುತ್ತಾರೆ. ಹೊಲಿಗೆ ಮಾಯುವ ತನಕ ಗೂಡಿನಲ್ಲಿಟ್ಟು, ಅದೇ ಬೀದಿಗೆ ತಂದು ಬಿಡುತ್ತಾರೆ. ಬೇರೆ ಕಡೆ ಬಿಟ್ಟರೆ ಅಲ್ಲಿನ ನಾಯಿಗಳು ಕಚ್ಚಿ ಓಡಿಸುತ್ತವೆ. ಹೆದರಿದ ನಾಯಿ ಮನುಷ್ಯರಿಗೂ ಅಪಾಯ. ‘ನಮ್ಮ ಬಡಾವಣೆಯಿಂದ ದೂರ ಬಿಡಿ’ ಎಂದು ಒತ್ತಾಯಿಸುವವರು ಇದನ್ನು ಅರಿಯಬೇಕು.

ಈ ಹಾದಿ ಸುಗಮವಾಗಿರಲಿಲ್ಲ. 2007ರ ಆರಂಭದಲ್ಲಿ ಬೆಂಗಳೂರಿನಲ್ಲಿ ಬೀದಿನಾಯಿಗಳ ದಾಳಿಗೆ ಸಿಕ್ಕಿ ಇಬ್ಬರು ಮಕ್ಕಳು ಪ್ರಾಣ ಕಳೆದುಕೊಂಡರು. ಊರಿಗೆ ಊರೇ ಸಿಟ್ಟಿಗೆದ್ದಿತು. ನಾಯಿಗಳ ಮೇಲೆ ಮಾತ್ರವಲ್ಲ, ಅವುಗಳ ಪರ ನಿಂತ ಸಂಸ್ಥೆಗಳ ಮೇಲೂ. ಹೆತ್ತವರ ಆ ಸಂಕಟದ ಎದುರು ಯಾವ ವಾದವೂ ನಿಲ್ಲುವುದಿಲ್ಲ. ಪ್ರಾಣಿಪ್ರೀತಿ ಎಂದರೆ ಮಗುವಿನ ಭದ್ರತೆಯನ್ನು ಹಗುರವಾಗಿ ಕಾಣುವುದಲ್ಲ. ಲಸಿಕೆ ಹಾಕಿಸಿಕೊಂಡ, ಮರಿಯಿಲ್ಲದ, ಪರಿಚಯದ ನಾಯಿಗಳಿರುವ ಬೀದಿಯೇ ಮಗುವಿಗೂ ಹೆಚ್ಚು ಸುರಕ್ಷಿತ. ಜಗತ್ತಿನ ರೇಬೀಸ್ ಸಾವುಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಭಾರತದಲ್ಲೇ ಆಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದನ್ನು ತಡೆಯಲು ನಾಯಿಗಳಿಗೆ ಸಾಮೂಹಿಕ ಲಸಿಕೆ ಹಾಕುವುದೇ ಮುಖ್ಯ ದಾರಿ.

ಫಲ ಕಂಡಿದೆ. ಬಿಬಿಎಂಪಿ 2019ರ ಸಮೀಕ್ಷೆಯಲ್ಲಿ ಸುಮಾರು 3.10 ಲಕ್ಷ ಬೀದಿನಾಯಿಗಳನ್ನು ಅಂದಾಜಿಸಿತ್ತು. 2023ರ ಸಮೀಕ್ಷೆಯಲ್ಲಿ ಅದು ಸುಮಾರು 2.79 ಲಕ್ಷಕ್ಕೆ ಇಳಿಯಿತು. ಸಂತಾನಹರಣ ಆದ ನಾಯಿಗಳ ಪ್ರಮಾಣ ಶೇ 51ರಿಂದ ಶೇ 71ರ ಮೇಲಕ್ಕೆ ಏರಿತು. ನಗರ ಎಲ್ಲ ದಿಕ್ಕಿಗೂ ಹಬ್ಬುತ್ತಿದ್ದ ಆ ನಾಲ್ಕು ವರ್ಷಗಳಲ್ಲಿ ಇದು ಸಣ್ಣ ಸಾಧನೆಯಲ್ಲ. ಪಾಲಿಕೆಯ ಸಿಬ್ಬಂದಿ, ಹಲವು ಸಂಸ್ಥೆಗಳು, ತಮ್ಮ ಬೀದಿಯ ನಾಯಿಗೆ ಅನ್ನ ಹಾಕುತ್ತಲೇ ಹಿಡಿಯುವವರಿಗೆ ನೆರವಾದ ಸಾವಿರಾರು ಗೃಹಿಣಿಯರು ಎಲ್ಲರೂ ಇದರ ಪಾಲುದಾರರು.

ಕೊಂಡವರೇ ಕೈಬಿಟ್ಟಾಗ

ಹೊಸ ಬೆಂಗಳೂರು ಹೊಸ ಬಗೆಯ ಅನಾಥರನ್ನೂ ಸೃಷ್ಟಿಸಿತು. ಹಿಮದ ನಾಡಿನ ಹಸ್ಕಿ, ಸೇಂಟ್ ಬರ್ನಾರ್ಡ್ ತಳಿಗಳನ್ನು ಹತ್ತಾರು ಸಾವಿರ ಕೊಟ್ಟು ಕೊಳ್ಳುತ್ತಾರೆ. ಮರಿ ದೊಡ್ಡದಾಗಿ, ಕೂದಲು ಉದುರಿ, ಔಷಧಿಯ ಖರ್ಚು ಬಂದಾಗ, ಇಲ್ಲವೇ ಪರದೇಶದ ಕೆಲಸ ಸಿಕ್ಕಾಗ, ಯಾವುದೋ ಹೆದ್ದಾರಿಯಲ್ಲಿ ಇಳಿಸಿ ಹೋಗುತ್ತಾರೆ. ಮರಿ ಹಾಕಿಸಿ ಹಾಕಿಸಿ ಸವೆದ ಹೆಣ್ಣುನಾಯಿಗಳನ್ನು ತಳಿ ವ್ಯಾಪಾರಿಗಳು ಬೀದಿಗೆ ಬಿಡುತ್ತಾರೆ. ಬೀದಿಯಲ್ಲಿ ಹುಟ್ಟಿದ ನಾಯಿಗೆ ಬೀದಿಯ ವಿದ್ಯೆ ಗೊತ್ತು. ಸೋಫಾದ ಮೇಲೆ ಬೆಳೆದ ನಾಯಿಗೆ ಗೊತ್ತಿಲ್ಲ. ಅದು ಬಿಟ್ಟ ಜಾಗದಲ್ಲೇ ಕೂತು ಕಾಯುತ್ತದೆ.

ಇಂಥ ನಾಯಿಗಳಿಗೆ ಮತ್ತೆ ಮನೆ ಹುಡುಕುವುದಕ್ಕೆಂದೇ ಕ್ಯೂಪಾ ‘ಸೆಕೆಂಡ್ ಚಾನ್ಸ್’ ದತ್ತು ಕೇಂದ್ರ ತೆರೆಯಿತು. ದತ್ತು ಕೇಳಿ ಬಂದವರಿಗೆಲ್ಲ ನಾಯಿ ಕೊಟ್ಟು ಕಳಿಸುವುದು ದತ್ತು ಅಲ್ಲ. ಮನೆಯಲ್ಲಿ ಎಲ್ಲರ ಒಪ್ಪಿಗೆ ಇದೆಯೇ, ಹಗಲು ಯಾರಿರುತ್ತಾರೆ, ಬಾಡಿಗೆ ಮನೆಯಾದರೆ ಮಾಲೀಕರು ಏನನ್ನುತ್ತಾರೆ ಎಂದೆಲ್ಲ ವಿಚಾರಿಸಬೇಕು. ಕೇಳುವಾಗ ಕಿರಿಕಿರಿ ಎನಿಸಬಹುದು. ಒಮ್ಮೆ ಬಿಟ್ಟುಹೋದ ಪ್ರಾಣಿಯನ್ನು ಎರಡನೇ ಸಲವೂ ಬಿಡುವಂತಾಗಬಾರದು ಎಂಬುದೇ ಆ ಪ್ರಶ್ನೆಗಳ ಹಿಂದಿನ ಕಾಳಜಿ.

ಆನೆಯಿಂದ ಗಿಳಿಯವರೆಗೆ

ಕ್ಯೂಪಾದ ಸೋದರ ಸಂಸ್ಥೆಯಾಗಿ ಬೆಳೆದ ವನ್ಯಜೀವಿ ರಕ್ಷಣೆ ಮತ್ತು ಪುನರ್ವಸತಿ ಕೇಂದ್ರ ಸೆರೆಯ ಆನೆಗಳ ಪಾಡನ್ನು ಕೈಗೆತ್ತಿಕೊಂಡಿತು. ಕಾಡಿನಲ್ಲಿ ದಿನಕ್ಕೆ ಹತ್ತಾರು ಕಿಲೋಮೀಟರ್ ನಡೆಯುವ ಪ್ರಾಣಿ ಕಾಂಕ್ರೀಟಿನ ಮೇಲೆ ಸರಪಳಿಯಲ್ಲಿ ನಿಂತೇ ಇದ್ದರೆ ಅಂಗಾಲು ಬಿರಿಯುತ್ತದೆ, ಉಗುರಿನ ಸುತ್ತ ಕೀವು ಕಟ್ಟುತ್ತದೆ. ಹಬ್ಬದ ದಿನ ಅಲಂಕಾರ ನೋಡಿ ಕೈಮುಗಿಯುವ ನಾವು ಅದರ ಕಾಲನ್ನು ನೋಡುವುದಿಲ್ಲ. ಕೋಲಾರ ಜಿಲ್ಲೆಯ ಮಾಲೂರಿನ ಬಳಿ ಇಂಥ ಆನೆಗಳಿಗೆಂದು ಆರೈಕೆ ಕೇಂದ್ರ ನಿಂತಿದೆ. ಅಲ್ಲಿ ಅವಕ್ಕೆ ಮಣ್ಣಿನ ನೆಲವಿದೆ, ನೀರಿದೆ, ಜೊತೆಗೆ ತಮ್ಮದೇ ಜಾತಿಯ ಸಂಗಾತಿಗಳಿವೆ.

ಹಕ್ಕಿ, ಹಾವು, ಆಮೆಗಳ ಮಟ್ಟಿಗೆ ಕೆಂಗೇರಿ ಕಡೆಯ ‘ಪೀಪಲ್ ಫಾರ್ ಅನಿಮಲ್ಸ್’ ವನ್ಯಜೀವಿ ಆಸ್ಪತ್ರೆಯ ಸೇವೆಯನ್ನು ಇಲ್ಲಿ ನೆನೆಯಲೇಬೇಕು. ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕೊಯ್ದುಕೊಂಡ ಹದ್ದುಗಳು ಅಂಥ ಆಸ್ಪತ್ರೆಗಳಿಗೆ ಬರುತ್ತಲೇ ಇರುತ್ತವೆ. ಪಂಜರದ ಗಿಳಿಯನ್ನು ಪ್ರೀತಿಯಿಂದಲೇ ಸಾಕಿದರೂ ನಮ್ಮ ದೇಶದ ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ ಎಂಬುದು ಇಂದಿಗೂ ಹಲವರಿಗೆ ತಿಳಿಯದು.

ಕಾನೂನಿನ ಬಲ, ಬಲಹೀನತೆ

ಈ ಎಲ್ಲ ದುಡಿಮೆಗೆ ಆಧಾರ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ. ನೃತ್ಯಲೋಕದ ರುಕ್ಮಿಣೀದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಈ ವಿಷಯ ಎತ್ತಿ ಖಾಸಗಿ ಮಸೂದೆ ತಂದುದರ ಫಲ ಅದು. 1962ರಲ್ಲಿ ರಚನೆಯಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ. ಜೀವಿಗಳ ಬಗ್ಗೆ ಅನುಕಂಪ ಇರಿಸಿಕೊಳ್ಳುವುದು ಪ್ರತಿ ನಾಗರಿಕನ ಮೂಲಭೂತ ಕರ್ತವ್ಯ ಎಂದು ಸಂವಿಧಾನದ 51ಎ (ಜಿ) ವಿಧಿ ಹೇಳುತ್ತದೆ. ಇಷ್ಟಿದ್ದೂ, 1960ರ ಕಾಯ್ದೆಯಲ್ಲಿ ಮೊದಲ ಸಲದ ಕ್ರೌರ್ಯಕ್ಕೆ ದಂಡ 10ರಿಂದ 50 ರೂಪಾಯಿ. ಅರವತ್ತು ವರ್ಷ ದಾಟಿದರೂ ಆ ಮೊತ್ತ ಬದಲಾಗಿಲ್ಲ. ಇದು ಬದಲಾಗಲೇಬೇಕು.

ಓದುಗರಲ್ಲಿ ಒಂದು ಮಾತು

ಮೂರು ದಶಕ ದಾಟಿದ ಈ ಸಂಸ್ಥೆಯನ್ನು ಹೊಗಳಿ ಸುಮ್ಮನಾದರೆ ಅದಕ್ಕೆ ನಾವು ಮಾಡುವ ಗೌರವ ಅರ್ಧದಷ್ಟೇ. ಎಲ್ಲ ಆಶ್ರಯಧಾಮಗಳೂ ತುಂಬಿ ತುಳುಕುತ್ತಿವೆ. ಅವುಗಳ ಹೊರೆ ಇಳಿಯುವುದು ನಮ್ಮ ಬೀದಿಯಲ್ಲೇ ಕೆಲಸ ನಡೆದಾಗ. ನಿಮ್ಮ ಬೀದಿಯ ನಾಯಿಗಳ ಕಿವಿ ನೋಡಿ. ಕಚ್ಚಿಲ್ಲದಿದ್ದರೆ ಪಾಲಿಕೆಗೆ ತಿಳಿಸಿ ಶಸ್ತ್ರಚಿಕಿತ್ಸೆ ಮಾಡಿಸಿ. ಅನ್ನ ಹಾಕುವವರು ಮಕ್ಕಳು ಆಡುವ ಜಾಗ, ಜನ ಓಡಾಡುವ ಬಾಗಿಲುಗಳನ್ನು ಬಿಟ್ಟು ನಿಗದಿತ ಸ್ಥಳದಲ್ಲಿ, ನಿಗದಿತ ಹೊತ್ತಿಗೆ ಹಾಕಿ, ಎಂಜಲು ಎತ್ತಿ. ನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಹೇಳಿದಷ್ಟು ಲಸಿಕೆಗಳನ್ನು ತಪ್ಪದೆ ಮುಗಿಸಿ. ಮನೆಗೆ ನಾಯಿ ಬೇಕೆನಿಸಿದರೆ ಅಂಗಡಿಯ ಬದಲು ಆಶ್ರಯಧಾಮಕ್ಕೆ ಹೋಗಿ. ನಮ್ಮ ನಾಡಿನ ಬೀದಿಮರಿ ನಮ್ಮ ಹವೆಗೆ ಒಗ್ಗಿದ್ದು, ಗಟ್ಟಿಮುಟ್ಟು, ನಂಬಿಗಸ್ತ. ಹಣ ಕೊಡಲು ಆಗದಿದ್ದರೆ ವಾರಕ್ಕೊಂದು ಗಂಟೆ ಕೊಡಿ. ಗೂಡು ತೊಳೆಯಲು, ನಾಯಿಗಳನ್ನು ನಡೆಸಲು, ಲೆಕ್ಕ ಬರೆಯಲು ಕೈಗಳು ಬೇಕಾಗಿವೆ.