ಯಾವ ಶೆಟ್ಟಿಹಳ್ಳಿ?

ತುಮಕೂರು ಬಸ್ ನಿಲ್ದಾಣದಲ್ಲಿ ನಿಂತು ‘ಶೆಟ್ಟಿಹಳ್ಳಿಗೆ ಹೇಗೆ ಹೋಗಬೇಕು?’ ಎಂದು ಕೇಳಿದರೆ ‘ಯಾವ ಶೆಟ್ಟಿಹಳ್ಳಿ?’ ಎಂಬ ಮರುಪ್ರಶ್ನೆ ಬರುವುದು ಸಹಜ. ತುಮಕೂರು ನಗರದೊಳಗೆ ಸೇರಿಹೋದ ಶೆಟ್ಟಿಹಳ್ಳಿ ಒಂದು, ಗುಬ್ಬಿಯ ಕಡೆ ಒಂದು, ಕುಣಿಗಲ್ ಕಡೆ ಇನ್ನೊಂದು. ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿ ಏಳುವ ಚರ್ಚಿನಿಂದ ಹೆಸರಾದ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿ ಬೇರೆಯೇ.

‘ಶ್ರೇಷ್ಠಿ’ಯೇ ಕನ್ನಡದ ಬಾಯಲ್ಲಿ ಸೆಟ್ಟಿ, ಶೆಟ್ಟಿ ಆಯಿತು. ಅಂದರೆ ವ್ಯಾಪಾರಿಯ ಹಳ್ಳಿ. ಆದರೆ ನಮ್ಮಲ್ಲಿ ಹಲವು ಸಮುದಾಯಗಳವರು ಹೆಸರಿನ ಕೊನೆಗೆ ಶೆಟ್ಟಿ ಎಂದು ಸೇರಿಸಿಕೊಳ್ಳುವುದುಂಟು. ಊರು ಕಟ್ಟಿದವರು ಯಾರೆಂದು ಹೆಸರೊಂದರಿಂದಲೇ ತೀರ್ಮಾನಿಸುವುದು ಅವಸರವಾದೀತು.

ಊರಿಗೆ ದಾರಿ ಇದೆಯೇ ಇಲ್ಲವೇ ಎಂಬುದು ಒಂದು ಕಾಲದಲ್ಲಿ ಬದುಕು ಸಾವಿನ ಪ್ರಶ್ನೆಯಾಗಿತ್ತು. 1876-78ರ ಬರಗಾಲದಲ್ಲಿ ಮದರಾಸಿನ ಕಡೆಯಿಂದ ಧಾನ್ಯ ಹೊತ್ತ ರೈಲು ಬೆಂಗಳೂರಿನವರೆಗೆ ಬರುತ್ತಿತ್ತು. ಜೋಲಾರ್‌ಪೇಟೆಯಿಂದ ಬಂದ ಆ ಹಳಿ 1864ರಿಂದಲೂ ಅಲ್ಲಿಗೇ ನಿಂತಿತ್ತು. ಅಲ್ಲಿಂದಾಚೆಗೆ ಎತ್ತಿನ ಗಾಡಿಯೇ ಗತಿ. ಎತ್ತುಗಳಾದರೋ ಮೇವು ನೀರಿಲ್ಲದೆ ಸಾಯುತ್ತಿದ್ದವು. ಹಣವಿದ್ದರೂ ಕಾಳು ಹಳ್ಳಿ ಮುಟ್ಟುವುದು ದುಸ್ತರವಾಯಿತು. 1871ರ ಜನಗಣತಿಯಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಹುಟ್ಟಿದವರನ್ನೂ ಸೇರಿಸಿ ಲೆಕ್ಕ ಹಾಕಿದ ಮೇಲೆ ಉಳಿದ ಅಂಕಿ ಇದು ಎಂಬುದನ್ನು ಓದುಗರು ಗಮನಿಸಬೇಕು.

ಸಂಸ್ಥಾನ ರೈಲಿನ ಕಡೆ ತಿರುಗಲು ಈ ಪೆಟ್ಟೇ ಮುಖ್ಯ ಕಾರಣ. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಮೀಟರ್‌ಗೇಜ್ ಹಳಿ ಬಂತು. 1889ರ ಹೊತ್ತಿಗೆ ಗುಬ್ಬಿ, ತಿಪಟೂರು, ಅರಸೀಕೆರೆ ದಾಟಿ ಹರಿಹರ ಮುಟ್ಟಿತು. ಕುದುರೆ ಫಾರಂಗೆ ಹೆಸರಾದ ಕುಣಿಗಲ್ ಮಾತ್ರ ರೈಲು ಕಾಣಲು 2017ರ ಮಾರ್ಚ್‌ವರೆಗೆ, ಬೆಂಗಳೂರು-ಹಾಸನ ನೇರ ಮಾರ್ಗ ತೆರೆಯುವವರೆಗೆ, ಕಾಯಬೇಕಾಯಿತು. ಒಂದೇ ಜಿಲ್ಲೆ, ಒಂದೇ ಹೆಸರಿನ ಹಳ್ಳಿಗಳು. ಹತ್ತಿರದ ಪೇಟೆಗೆ ರೈಲು ಬಂದ ಕಾಲದಲ್ಲಿ 133 ವರ್ಷಗಳ ಅಂತರ.

ಹಾಗೆಂದು ಹಳಿ ಹಾದುಹೋದ ಊರಿಗೆಲ್ಲ ರೈಲು ದಕ್ಕಿತೆಂದಲ್ಲ. ನಿಲ್ದಾಣವಿಲ್ಲದ ಹಳ್ಳಿಗೆ ಸಿಕ್ಕಿದ್ದು ಸಿಳ್ಳಿನ ಸದ್ದು ಮಾತ್ರ. ಹಳ್ಳಿಗಾಡಿನ ನಂಟು ನಿಜವಾಗಿ ಬದಲಾದದ್ದು ಬಸ್ಸಿನಿಂದ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ 120 ಬಸ್ಸುಗಳೊಡನೆ ತನ್ನ ಸಾರಿಗೆ ಇಲಾಖೆ ಆರಂಭಿಸಿತು. ಅದರ ಜೊತೆಗೆ ಖಾಸಗಿ ಬಸ್ಸುಗಳೂ ಓಡಿದವು. ತೆಂಗು, ಅಡಿಕೆ, ಹೈಸ್ಕೂಲು ಮಕ್ಕಳು, ಹೆರಿಗೆಗೆ ಹೊರಟ ಹೆಣ್ಣುಮಗಳು ಎಲ್ಲರಿಗೂ ಅದೇ ವಾಹನ.

ಬಸ್ಸು ತಂದಷ್ಟೇ ಒಯ್ದಿದೆ ಕೂಡ. 2001ರಿಂದ 2011ರವರೆಗೆ ರಾಜ್ಯದ ಜನಸಂಖ್ಯೆ ಶೇ 15ಕ್ಕೂ ಹೆಚ್ಚು ಬೆಳೆದರೆ ತುಮಕೂರು ಜಿಲ್ಲೆಯದು 25,84,711ರಿಂದ 26,78,980ಕ್ಕೆ, ಅಂದರೆ ಶೇ 4ಕ್ಕಿಂತ ಕಡಿಮೆ, ಏರಿತು. ಬೆಂಗಳೂರು ಇಷ್ಟು ಹತ್ತಿರವಿರುವಾಗ ಹಳ್ಳಿಯ ಹುಡುಗರು ಎಲ್ಲಿಗೆ ಹೋದರೆಂದು ಬಿಡಿಸಿ ಹೇಳಬೇಕಿಲ್ಲ. ತುಮಕೂರಿನ ಶೆಟ್ಟಿಹಳ್ಳಿಯ ಕಥೆ ಇದರ ತಿರುವುಮುರುವು: ಅಲ್ಲಿ ಹಳ್ಳಿ ಎಲ್ಲಿಗೂ ಹೋಗಲಿಲ್ಲ, ನಗರವೇ ಅದರ ಬಳಿಗೆ ಬಂತು.

ಇಂಥ ಒಂದೊಂದು ಹಳ್ಳಿಯ ಲೆಕ್ಕವೂ ಜಿಲ್ಲಾ ಜನಗಣತಿ ಕೈಪಿಡಿಯಲ್ಲಿ ಸಿಗುತ್ತದೆ. ಹೆಸರು ಒಂದೇ ಆದ ಊರುಗಳು ಬೆರೆಯದಂತೆ 2011ರಲ್ಲಿ ಪ್ರತಿ ಗ್ರಾಮಕ್ಕೂ ಆರು ಅಂಕಿಯ ಸಂಕೇತ ಸಂಖ್ಯೆ ಕೊಡಲಾಯಿತು. 1991ರ ಕೈಪಿಡಿಯಲ್ಲಿ ಪಕ್ಕಾ ರಸ್ತೆಯೋ, ಕಚ್ಚಾ ರಸ್ತೆಯೋ, ಕಾಲುದಾರಿಯೋ ಎಂಬುದಕ್ಕೆ ಒಂದು ಕಲಂ. ಬಸ್ಸು, ರೈಲಿಗೆ ಇನ್ನೊಂದು. ಊರಲ್ಲಿ ಇಲ್ಲದಿದ್ದರೆ 5 ಕಿ.ಮೀ. ಒಳಗೋ, 5ರಿಂದ 10ರೊಳಗೋ, ಅದಕ್ಕೂ ದೂರವೋ ಎಂಬ ಗುರುತು.

2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದೂಡಲ್ಪಟ್ಟಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣ ಉಳಿಯಿತು. ಊರಿಗೆ ಸರ್ಕಾರಿ ಬಸ್ಸು ಬಂದರೆ ತಾನೇ ಅದರ ಲಾಭ? ಕೈಪಿಡಿಯ ಕಲಮಿನಲ್ಲಿ ದಿನಕ್ಕೊಮ್ಮೆ ಬರುವ ಬಸ್ಸಿಗೂ ಗಂಟೆಗೊಮ್ಮೆ ಬರುವ ಬಸ್ಸಿಗೂ ಬೀಳುವುದು ಒಂದೇ ಗುರುತು.