ಸನ್ನಿಯಿಂದ ಕುಡಿತ ಬಿಡಿಸಲು ಹೊರಟವರು

ಕುಡಿತಕ್ಕೆ ದಾಸನಾದವನು ಥಟ್ಟನೆ ಅದನ್ನು ನಿಲ್ಲಿಸಿದಾಗ ಕೆಲವೊಮ್ಮೆ ಸನ್ನಿ ಹಿಡಿಯುವುದುಂಟು. ಮೈ ನಡುಗುತ್ತದೆ, ಇಲ್ಲದ ಹುಳಹುಪ್ಪಟೆಗಳು ಗೋಡೆಯ ಮೇಲೆ ಹರಿದಾಡುತ್ತವೆ. ಈ ನರಕವನ್ನು ದಾಟಿ ಬಂದವರಲ್ಲಿ ಕೆಲವರು ಮತ್ತೆ ಸೀಸೆ ಮುಟ್ಟುವುದಿಲ್ಲ. ಹಾಗಾದರೆ ಔಷಧ ಕೊಟ್ಟು ಸನ್ನಿಯನ್ನೇ ತರಿಸಿದರೆ ಹೇಗೆ? 1950ರ ದಶಕದ ಆರಂಭದಲ್ಲಿ ಕೆನಡಾದ ಸಸ್ಕಾಚುವಾನ್ ಪ್ರಾಂತ್ಯದ ಮನೋವೈದ್ಯರಾದ ಹಂಫ್ರಿ ಆಸ್ಮಂಡ್ ಮತ್ತು ಅಬ್ರಾಂ ಹಾಫರ್ ಅವರಿಗೆ ಹೊಳೆದದ್ದು ಇಂಥ ವಿಚಿತ್ರ ಉಪಾಯ.

ಅವರು ಆರಿಸಿಕೊಂಡ ಔಷಧ ಎಲ್‌ಎಸ್‌ಡಿ. ರೈ ಧಾನ್ಯದ ತೆನೆಗೆ ತಗಲುವ ಒಂದು ಶಿಲೀಂಧ್ರದ ರಾಸಾಯನಿಕಗಳನ್ನು ಅಭ್ಯಸಿಸುತ್ತಿದ್ದ ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಅದನ್ನು ತಯಾರಿಸಿದ್ದರು. ಸಾಸಿವೆ ಕಾಳಿನ ತೂಕವೂ ಬೇಡ, ಅಷ್ಟಕ್ಕೇ ಮನಸ್ಸು ಬುಡಮೇಲಾಗುತ್ತದೆಂಬುದು ಅವರಿಗೆ ತಿಳಿದದ್ದು 1943ರಲ್ಲಿ, ಅದೂ ಆಕಸ್ಮಿಕವಾಗಿ. ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಬಂದು ಕೂಡುವ ತಾಣಗಳಲ್ಲಿ, ಹೆಚ್ಚುಕಡಿಮೆ ಅದೇ ರೂಪದ ಈ ವಸ್ತುವೂ ಹೋಗಿ ಕೂಡುತ್ತದೆ.

ಆದರೆ ವೈದ್ಯರು ಎಣಿಸಿದ್ದೇ ಒಂದು, ಆದದ್ದೇ ಒಂದು. ಅನೇಕ ರೋಗಿಗಳು ಹೆದರಲಿಲ್ಲ. ತಮ್ಮ ಬಾಳನ್ನು ಹೊರಗೆ ನಿಂತು ನೋಡಿದಂತಾಯಿತು ಎಂದರು. ಇದಕ್ಕೆ ಸನ್ನಿ ಎಂಬ ಹೆಸರು ಒಪ್ಪುವುದಿಲ್ಲವೆಂದು ಕಂಡ ಆಸ್ಮಂಡ್, 1956ರಲ್ಲಿ ಸಾಹಿತಿ ಆಲ್ಡಸ್ ಹಕ್ಸ್‌ಲಿ ಅವರೊಂದಿಗಿನ ಪತ್ರವ್ಯವಹಾರದಲ್ಲಿ 'ಸೈಕೆಡೆಲಿಕ್' ಎಂಬ ಪದವನ್ನು ಟಂಕಿಸಿದರು. ಮನಸ್ಸನ್ನು ಪ್ರಕಟಪಡಿಸುವಂಥದು ಎಂದು ಅದರ ಅರ್ಥ. ರೋಗಿಯನ್ನು ಹಿತವಾದ ಕೋಣೆಯಲ್ಲಿ ಕೂರಿಸಿ, ಸಂಗೀತ ಕೇಳಿಸಿ, ಜತೆಗೊಬ್ಬರು ಇರುವ ಪದ್ಧತಿಯೂ ಅಲ್ಲಿ ಬೆಳೆಯಿತು.

ಇದನ್ನು ಪರೀಕ್ಷಿಸಹೊರಟ ಟೊರಾಂಟೊದ ಸಂಶೋಧಕರಿಗೆ ಮಾತ್ರ ಸಂಗೀತ, ಸಾಂತ್ವನಗಳೆಲ್ಲ ಅಡ್ಡಿಯಾಗಿ ಕಂಡವು. ಔಷಧದ ಗುಣ ಔಷಧದಲ್ಲೇ ಇರಬೇಕಲ್ಲವೆ? ಮಾತುಕತೆಯನ್ನು ಮಿತಗೊಳಿಸಿ, ರೋಗಿಯನ್ನು ಮಂಚಕ್ಕೆ ಬಿಗಿದು ಔಷಧ ಕೊಟ್ಟರು. ವಿಶೇಷ ಲಾಭವೇನೂ ಕಾಣಲಿಲ್ಲವೆಂದು 1966ರಲ್ಲಿ ವರದಿ ಮಾಡಿದರು. ಮಂಚಕ್ಕೆ ಕಟ್ಟಿಸಿಕೊಂಡವನಿಗೆ ಬಾಳಿನ ದರ್ಶನವಾಗದಿದ್ದರೆ ಆಶ್ಚರ್ಯವೇನೂ ಇಲ್ಲ. ಆದರೆ ತಮ್ಮ ಚಿಕಿತ್ಸೆಯನ್ನು ತಾವೇ ಹೊಗಳುವ ವೈದ್ಯರ ಮಾತನ್ನೂ ಹಾಗೆಯೇ ನಂಬಲಾಗದು.

ಜಗಳ ಬಗೆಹರಿಯುವ ಮೊದಲೇ ಎಲ್‌ಎಸ್‌ಡಿ ಬೀದಿಗೆ ಬಿದ್ದಿತ್ತು. ತಯಾರಕರಾದ ಸ್ಯಾಂಡೋಜ್ ಕಂಪನಿ 1965ರಲ್ಲಿ ಪೂರೈಕೆ ನಿಲ್ಲಿಸಿತು. 1971ರಲ್ಲಿ ವಿಶ್ವಸಂಸ್ಥೆಯ ಒಪ್ಪಂದ ಅದನ್ನು ಅತಿ ಕಠಿಣ ನಿರ್ಬಂಧದ ಪಟ್ಟಿಗೆ ಸೇರಿಸಿತು. ಕುಡಿತದಿಂದ ಬಿಡುಗಡೆ ಬಯಸಿದವರ ಪ್ರಶ್ನೆ ಕಡತದಲ್ಲೇ ಉಳಿಯಿತು.

2012ರಲ್ಲಿ ನಾರ್ವೆಯ ಇಬ್ಬರು ಸಂಶೋಧಕರು ಆ ಕಡತಗಳ ದೂಳು ಕೊಡವಿದರು. ಟೊರಾಂಟೊದ್ದೂ ಸೇರಿ 6 ಪ್ರಯೋಗಗಳ 536 ರೋಗಿಗಳ ಲೆಕ್ಕ ಒಟ್ಟುಗೂಡಿಸಿದಾಗ, ಎಲ್‌ಎಸ್‌ಡಿ ಪಡೆದವರಲ್ಲಿ ಶೇ. 59ರಷ್ಟು, ಉಳಿದವರಲ್ಲಿ ಶೇ. 38ರಷ್ಟು ಮಂದಿ ಸುಧಾರಿಸಿದ್ದು ಕಂಡಿತು. ಒಂದೇ ಸಲದ ಔಷಧಕ್ಕೆ ಇದು ಸಣ್ಣ ಫಲವಲ್ಲ. ಆದರೆ ವರ್ಷ ತುಂಬುವ ಹೊತ್ತಿಗೆ ಅಂತರ ಕರಗಿತ್ತು.

ಈಗ ಎಲ್‌ಎಸ್‌ಡಿಯ ಸ್ಥಾನದಲ್ಲಿ ಹೆಚ್ಚಾಗಿ ಅಣಬೆಯ ಸತ್ವವಾದ ಸೈಲೋಸೈಬಿನ್ ಇದೆ. ಅಮೆರಿಕದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಆಪ್ತಸಲಹೆಯ ಜತೆ ಇದನ್ನು ಪಡೆದವರು ಮಿತಿಮೀರಿ ಕುಡಿದ ದಿನಗಳು ಶೇ. 10ಕ್ಕಿಂತ ಕಡಿಮೆ, ಬೇರೆ ಮಾತ್ರೆ ಪಡೆದವರಲ್ಲಿ ಅದು ಶೇ. 23ಕ್ಕೂ ಹೆಚ್ಚು. ಯಾರಿಗೆ ಯಾವುದು ಸಿಕ್ಕಿದೆಯೆಂದು ಗುಟ್ಟಾಗಿಡಲಾಗಿತ್ತು. ಆದರೂ 10ರಲ್ಲಿ 9ಕ್ಕಿಂತ ಹೆಚ್ಚು ಮಂದಿ ತಮಗೆ ಸಿಕ್ಕಿದ್ದು ಯಾವುದೆಂದು ಸರಿಯಾಗಿಯೇ ಊಹಿಸಿದ್ದರು.